ಅನುಭಾಷಣ: ಮರುಮಾತಿಗೆ ಮುನ್ನ ಸಲ್ಲಬೇಕಾದ ಮಾತು

ಗೌತಮ ಮಹರ್ಷಿಗಳ ನ್ಯಾಯಸೂತ್ರಗಳ ಐದನೆಯ ಅಧ್ಯಾಯ ಸೋಲಿನ ಲಕ್ಷಣಗಳನ್ನು ಹೇಳಿ ಮುಗಿಯುತ್ತದೆ. ವಾದಕ್ಕೆ ನಿಂತವನು ಯಾವ ಯಾವ ದೋಷದಿಂದ ಸೋತನೆಂದು ಸಭೆ ತೀರ್ಮಾನಿಸಬಹುದೋ ಅಂತಹ 22 ನಿಗ್ರಹಸ್ಥಾನಗಳನ್ನು ಅಲ್ಲಿ ಎಣಿಸಲಾಗಿದೆ. ತಾನು ಹೂಡಿದ ಪ್ರತಿಜ್ಞೆಯನ್ನು ನಡುವೆ ಕೈಬಿಡುವುದು, ಪ್ರಕೃತಕ್ಕೆ ಸಂಬಂಧಿಸದ ವಿಷಯವನ್ನು ಎತ್ತುವುದು, ಉತ್ತರ ತೋಚದೆ ನಿಲ್ಲುವುದು, ಬೇರೆ ಕೆಲಸವಿದೆಯೆಂದು ನೆಪ ಹೇಳಿ ಸಭೆಯಿಂದ ಎದ್ದು ಹೋಗುವುದು, ಇವೆಲ್ಲ ಸೋಲೆಂಬುದು ಶಾಸ್ತ್ರ ಓದದವರಿಗೂ ಹೊಳೆಯುವ ಸಂಗತಿ. ಆದರೆ ಅದೇ ಪಟ್ಟಿಯಲ್ಲಿ ‘ಅನನುಭಾಷಣ’ ಎಂಬುದೊಂದು ಇದೆ. ವಾದಿಯು ಮೂರು ಬಾರಿ ಹೇಳಿದ್ದಾನೆ, ಸಭೆಗೆ ಅದು ತಿಳಿದಿದೆ. ಹೀಗಿದ್ದೂ ಪ್ರತಿವಾದಿಯು ಆ ಮಾತನ್ನು ತನ್ನ ಬಾಯಿಂದ ಮರಳಿ ನುಡಿಯದೆ ಖಂಡನೆಗೆ ತೊಡಗಿದರೆ ಅವನು ಸೋತಂತೆಯೇ ಸರಿ. ಖಂಡನೆ ಎಷ್ಟೇ ಚತುರವಾಗಿದ್ದರೂ ಅದನ್ನು ಕೇಳುವ ಹೊಣೆ ಸಭೆಗಿಲ್ಲ.

ಮೇಲುನೋಟಕ್ಕೆ ಇದು ವಿಚಿತ್ರವಾಗಿ ತೋರುತ್ತದೆ. ಎಲ್ಲರಿಗೂ ಕೇಳಿಸಿದ ಮಾತನ್ನು ಮತ್ತೆ ಹೇಳುವ ಅಗತ್ಯವೇನು? ಭಾಷ್ಯಕಾರ ವಾತ್ಸ್ಯಾಯನರ ಸಮಾಧಾನ ಬಹು ಸರಳವಾದುದು. ಎದುರಾಳಿಯ ಮಾತನ್ನು ಹಿಡಿದು ತೋರಿಸದವನು ಯಾವುದನ್ನು ಆಶ್ರಯಿಸಿ ನಿಷೇಧ ಮಾಡುತ್ತಾನೆ ಎಂಬುದು ಅವರ ಪ್ರಶ್ನೆ. ಗುರಿಯನ್ನು ನೆಡದೆ ಬಾಣ ಬಿಟ್ಟವನು ಎಲ್ಲಿ ತಾಗಿದರೂ ಅದೇ ಗುರಿಯೆನ್ನಬಹುದು. ಅನುಭಾಷಣವು ಗುರಿಯನ್ನು ಸಭೆಯ ಎದುರು ನೆಡುವ ಕ್ರಿಯೆ. ಇದರಿಂದ ಎರಡು ಪ್ರಯೋಜನಗಳುಂಟು. ಪ್ರತಿವಾದಿಗೆ ಮಾತು ಸರಿಯಾಗಿ ಅರ್ಥವಾಗಿದೆಯೇ ಎಂಬುದು ಸಭೆಗೆ ತಿಳಿಯುತ್ತದೆ. ಅರ್ಥವಾಗಿಲ್ಲದಿದ್ದರೆ, ತಾನು ಹೇಳಿದ್ದು ಅದಲ್ಲವೆಂದು ತಿದ್ದುವ ಅವಕಾಶ ವಾದಿಗೆ ದೊರೆಯುತ್ತದೆ. ಇಂದು ಸಭೆಗಳಲ್ಲಿಯೂ ಪತ್ರಿಕೆಗಳ ಓದುಗರ ಅಂಕಣಗಳಲ್ಲಿಯೂ ನಡೆಯುವ ವಾಗ್ವಾದಗಳಲ್ಲಿ ಅರೆಪಾಲು ಈ ಎರಡನೆಯ ಪ್ರಯೋಜನವನ್ನು ಕಳೆದುಕೊಂಡು ಹುಟ್ಟಿದವು. ಒಬ್ಬರು ಹೇಳದ ಮಾತಿಗೆ ಮತ್ತೊಬ್ಬರು ಉತ್ತರಿಸುತ್ತಾರೆ. ಆ ಉತ್ತರಕ್ಕೆ ಪ್ರತ್ಯುತ್ತರ ಬರುವಷ್ಟರಲ್ಲಿ ಮೂಲದ ಮಾತು ಯಾರ ನೆನಪಿನಲ್ಲಿಯೂ ಉಳಿದಿರುವುದಿಲ್ಲ.

ಹಾಗೆಂದು ಎದುರಾಳಿಯು ಆಡಿದ್ದನ್ನೆಲ್ಲ ಒಪ್ಪಿಸಬೇಕೆಂದು ಶಾಸ್ತ್ರದ ಆಶಯವಲ್ಲ. ಅದೇ 22ರ ಪಟ್ಟಿಯಲ್ಲಿ ‘ಪುನರುಕ್ತ’ವೂ ಒಂದು ನಿಗ್ರಹಸ್ಥಾನ. ಹೇಳಿದ್ದನ್ನೇ ಹೇಳುವುದು ಸೋಲು. ಆದರೆ ‘ಅನುವಾದ’ಕ್ಕೆ ಈ ದೋಷ ತಗಲುವುದಿಲ್ಲವೆಂದು ಸೂತ್ರಕಾರರೇ ವಿನಾಯಿತಿ ಕೊಟ್ಟಿದ್ದಾರೆ. ಈಗ ಕನ್ನಡದಲ್ಲಿ ಅನುವಾದವೆಂದರೆ ಭಾಷಾಂತರ. ಶಾಸ್ತ್ರಕಾರರಿಗೆ ಅನುವಾದವೆಂದರೆ ಒಂದು ಪ್ರಯೋಜನವನ್ನು ಉದ್ದೇಶಿಸಿ, ಹಿಂದೆ ಹೇಳಿದ್ದನ್ನು ಮತ್ತೆ ಎತ್ತಿ ಹೇಳುವುದು. ಪ್ರಯೋಜನವಿದ್ದರೆ ಅನುವಾದ, ಇಲ್ಲದಿದ್ದರೆ ಪುನರುಕ್ತಿ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿಯು ವಾದನ್ಯಾಯವೆಂಬ ಗ್ರಂಥದಲ್ಲಿ ನೈಯಾಯಿಕರ ನಿಗ್ರಹಸ್ಥಾನಗಳನ್ನು ಒಂದೊಂದಾಗಿ ಪರೀಕ್ಷಿಸಿ, ಎದುರಾಳಿಯ ಮಾತನ್ನು ಆಮೂಲಾಗ್ರವಾಗಿ ಒಪ್ಪಿಸಬೇಕಾಗಿಲ್ಲ, ಯಾವ ಅಂಶಕ್ಕೆ ದೋಷ ಹೇಳಬೇಕೋ ಅಷ್ಟನ್ನು ಎತ್ತಿಕೊಂಡರೆ ಸಾಕು ಎಂಬ ನಿಲುವನ್ನು ತಳೆದನು. ಅವನ ವಿರೋಧ ನೈಯಾಯಿಕರಿಗೇ ಉಪಕಾರ ಮಾಡಿತೆನ್ನಬೇಕು. ಎಷ್ಟು ಉದ್ಧರಿಸಬೇಕೆಂಬ ಪ್ರಶ್ನೆಗೆ ಅಲ್ಲಿ ಒಂದು ಅಳತೆಗೋಲು ದೊರೆಯಿತು: ಉತ್ತರ ಯಾವುದಕ್ಕೋ ಅಷ್ಟು. ಅದಕ್ಕಿಂತ ಕಡಿಮೆಯಾದರೆ ಉತ್ತರ ನಿರಾಶ್ರಯ. ಹೆಚ್ಚಾದರೆ ಕೇಳುವವರ ತಾಳ್ಮೆಗೆ ಭಂಗ.

ವ್ಯಾಖ್ಯಾನಕಾರರು ಈ ಅಳತೆಯನ್ನು ಬಹು ನಿಪುಣತೆಯಿಂದ ಬಳಸಿದರು. ಟೀಕಾಗ್ರಂಥವನ್ನು ತೆರೆದವರಿಗೆ ‘ಪ್ರತೀಕ’ದ ಪರಿಚಯವಿದ್ದೇ ಇರುತ್ತದೆ. ಮೂಲದ ಶ್ಲೋಕದಿಂದ ಮೊದಲಿನ ಒಂದೆರಡು ಪದಗಳನ್ನು ಮಾತ್ರ ಎತ್ತಿ, ‘ಇತಿ’ ಎಂದು ಮುದ್ರೆಯೊತ್ತಿ, ಆ ಬಳಿಕ ತಮ್ಮ ಮಾತನ್ನು ಹೇಳುವರು. ತಾಳೆಗರಿಯ ಮೇಲೆ ಕಂಟದಿಂದ ಕೊರೆದು ಬರೆಯುವ ಕಾಲದಲ್ಲಿ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು. ಮೂಲವು ಓದುಗನ ಬಾಯಲ್ಲಿದೆಯೆಂಬ ಭರವಸೆಯೂ ಇತ್ತು. ಆ ಭರವಸೆ ಈಗಿಲ್ಲವಾದ್ದರಿಂದ ಎರಡೇ ಪದಗಳ ಪ್ರತೀಕದಿಂದ ಇಂದಿನ ವಿದ್ಯಾರ್ಥಿಗೆ ಏನೂ ತಿಳಿಯದು. ವಾಕ್ಯವನ್ನಾದರೂ ಪೂರ್ತಿಯಾಗಿ ಕೊಡಬೇಕಾಗುತ್ತದೆ.

ಒಬ್ಬರ ಮಾತನ್ನು ಕೆಡಿಸದೆ ಮತ್ತೊಬ್ಬರಿಗೆ ಮುಟ್ಟಿಸಿದ ಅತ್ಯಂತ ಪ್ರಾಚೀನವಾದ ನಿದರ್ಶನಗಳಲ್ಲೊಂದು ಚಿತ್ರದುರ್ಗ ಜಿಲ್ಲೆಯಲ್ಲಿಯೇ ಬಂಡೆಯ ಮೇಲೆ ನಿಂತಿದೆಯೆಂಬುದು ಇಲ್ಲಿನವರಿಗೆ ಅಭಿಮಾನದ ಸಂಗತಿಯಾಗಬೇಕು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದರು. ಇವು ಅಶೋಕನ ಆಜ್ಞೆಗಳೆಂದು ಪಠ್ಯಪುಸ್ತಕಗಳಲ್ಲಿ ಓದಿ ಮುಂದೆ ಹೋಗುವುದು ವಾಡಿಕೆ. ಬ್ರಹ್ಮಗಿರಿಯ ಪಾಠವನ್ನು ನಿಧಾನವಾಗಿ ನೋಡಿದರೆ ಅಲ್ಲಿ ಮೊದಲು ಮಾತಾಡುವವನು ಅಶೋಕನಲ್ಲ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಹೇಳಿ ಕಳುಹಿಸಿದ ಮಾತು ಮೊದಲು ಬರುತ್ತದೆ. ಆರೋಗ್ಯವನ್ನು ವಿಚಾರಿಸುವ ಕ್ಷೇಮವಾಕ್ಯವೂ ಅಲ್ಲಿದೆ. ಅದಾದ ಮೇಲೆ, ದೇವಾನಾಂಪ್ರಿಯನು ಹೀಗೆ ಆಜ್ಞಾಪಿಸುತ್ತಾನೆ ಎಂಬ ಸೂಚನೆ ಬಂದು ಚಕ್ರವರ್ತಿಯ ಸಂದೇಶ ಆರಂಭವಾಗುತ್ತದೆ.

ಇಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ತಾನು ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಹೆಚ್ಚಾಯಿತು, ಮೊದಲು ಒಂದು ವರ್ಷ ಅಷ್ಟಾಗಿ ಪ್ರಯತ್ನ ಮಾಡಲಿಲ್ಲ, ಸಂಘವನ್ನು ಸೇರಿದ ಮೇಲೆ ಚೆನ್ನಾಗಿ ಪ್ರಯತ್ನ ಮಾಡಿದೆ ಎಂದು ಅಶೋಕನು ಹೇಳಿಕೊಂಡಿದ್ದಾನೆ. ಚಕ್ರವರ್ತಿಯೊಬ್ಬನು ತನ್ನ ಆಲಸ್ಯವನ್ನು ತಾನೇ ಹೇಳಿಕೊಳ್ಳುವ ಈ ಮಾತನ್ನು ಕೆಳಗಿನ ಅಧಿಕಾರಿಗಳು ‘ಅವರು’ ಎಂದು ತಿರುಗಿಸಿ ಬರೆಯಲಿಲ್ಲ. ಅಶೋಕನ ‘ನಾನು’ ನಾನಾಗಿಯೇ ಉಳಿದಿದೆ. ದೊರೆಯ ಗೌರವಕ್ಕೆ ಕುಂದೆಂದು ಆ ವಾಕ್ಯವನ್ನು ತೆಗೆದುಹಾಕಲೂ ಇಲ್ಲ. ಸಂದೇಶದ ಕೊನೆಯಲ್ಲಿದ್ದ 256 ಎಂಬ ಅಂಕಿಯನ್ನೂ ಬಿಡಲಿಲ್ಲ. ಆ ಮುಂದೆ, ದೇವಾನಾಂಪ್ರಿಯನು ಮತ್ತೆ ಹೀಗೆನ್ನುತ್ತಾನೆ ಎಂದು ಎರಡನೆಯ ಮಾತಿಗೆ ಬೇರೆಯೇ ಬಾಗಿಲು ತೆರೆದು ತಾಯಿತಂದೆಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಅಂತೇವಾಸಿಯು ಆಚಾರ್ಯನಿಗೆ ತೋರಬೇಕಾದ ಗೌರವ ಇವುಗಳನ್ನು ಹೇಳಿದೆ. ಕಟ್ಟಕಡೆಗೆ ಚಪಡನೆಂಬ ಲಿಪಿಕಾರನು ತನ್ನ ಹೆಸರನ್ನು ಕಾಣಿಸಿ, ‘ಲಿಪಿಕಾರ’ ಎಂಬರ್ಥದ ಪದವನ್ನು ಮಾತ್ರ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ತನ್ನ ರುಜು ಮಾತ್ರ ಖರೋಷ್ಠಿಯಲ್ಲಿ! ಚಪಡನ ಬಿಂಕ ಏನೇ ಇರಲಿ, ಅವನ ಮಾತು ಎಲ್ಲಿ, ದೊರೆಯ ಮಾತು ಎಲ್ಲಿ ಎಂಬ ಸಂದೇಹಕ್ಕೆ ಅವನು ಎಡೆಗೊಟ್ಟಿಲ್ಲ. ಒಂದೇ ಬಂಡೆಯ ಮೇಲೆ ಚಕ್ರವರ್ತಿ, ಆರ್ಯಪುತ್ರ, ಬರಹಗಾರ ಈ ಮೂವರ ದನಿಗಳಿದ್ದರೂ ಒಂದು ಇನ್ನೊಂದರೊಳಗೆ ಬೆರೆತಿಲ್ಲ. ಎರಡು ಸಾವಿರದ ಇನ್ನೂರು ವರ್ಷಗಳ ಮೇಲೆ ಓದುವವರಿಗೂ ಯಾರು ಯಾರಿಗೆ ಏನು ಹೇಳಿದರೆಂಬುದು ತಿಳಿಯುತ್ತದೆ.

ಕನ್ನಡದ ಸ್ವಭಾವವೂ ಈ ರೀತಿಗೆ ಹತ್ತಿರವಾದುದೇ. ಸಂಸ್ಕೃತದ ‘ಇತಿ’ ಮಾಡುವ ಕೆಲಸವನ್ನು ನಮ್ಮಲ್ಲಿ ‘ಎಂದು’ ಮಾಡುತ್ತದೆ. ‘ನಾನು ನಾಳೆ ಬರುವುದಿಲ್ಲ ಎಂದು ಸಿದ್ಧಪ್ಪ ಹೇಳಿದನು’ ಎಂಬಲ್ಲಿ ‘ನಾನು’ ಸಿದ್ಧಪ್ಪನೇ ಹೊರತು ವರದಿ ಮಾಡುವವನಲ್ಲ. ಆಡಿದವನ ಪುರುಷ, ಕಾಲ, ಭಾವ ಯಾವುದನ್ನೂ ಬದಲಿಸದೆ ಮಾತನ್ನು ಇಡಿಯಾಗಿ ಎತ್ತಿಕೊಳ್ಳುವ ಶಕ್ತಿ ‘ಎಂದು’ ಎಂಬ ಈ ಪುಟ್ಟ ಪದಕ್ಕಿದೆ. ಮಾತಿನ ಹೊಣೆಯನ್ನು ಹೊರಲು ಮನಸ್ಸಿಲ್ಲದಿದ್ದರೆ ‘ಅಂತೆ’ ಎಂಬ ಪ್ರತ್ಯಯವಿದೆ. ‘ಹಿರಿಯೂರಿನಲ್ಲಿ ಮಳೆಯಾಯಿತು’ ಎಂದವನು ಕಂಡು ಹೇಳಿದ್ದಾನೆ. ‘ಮಳೆಯಾಯಿತಂತೆ’ ಎಂದವನು ಕೇಳಿ ಹೇಳಿದ್ದಾನೆ. ಹಿರಿಯೂರಿನ ರೈತನಿಗೆ ಈ ಎರಡರ ಅಂತರವನ್ನು ವ್ಯಾಕರಣ ಹೇಳಿ ತಿಳಿಸಬೇಕಾಗಿಲ್ಲ.

ಆದರೆ ‘ಎಂದು’ ಎಂಬುದಕ್ಕೆ ಒಂದು ಕೊರತೆಯುಂಟು. ಅದು ಉದ್ಧರಣೆಯ ಬಾಗಿಲನ್ನು ಮುಚ್ಚುತ್ತದೆಯೇ ಹೊರತು ತೆರೆಯುವುದಿಲ್ಲ. ಎತ್ತಿಕೊಂಡ ಮಾತು ಎಲ್ಲಿ ಮುಗಿಯಿತೆಂದು ತಿಳಿಯುತ್ತದೆ, ಎಲ್ಲಿ ಮೊದಲಾಯಿತೆಂದು ಕೆಲವೊಮ್ಮೆ ತಿಳಿಯದು. ‘ನಿನ್ನೆ ಮೇಷ್ಟ್ರು ಪರೀಕ್ಷೆ ಮುಗಿಯಿತು ಎಂದರು’ ಎಂಬ ವಾಕ್ಯದಲ್ಲಿ ‘ನಿನ್ನೆ’ ಎಂಬುದು ಯಾರ ಪದ? ಪರೀಕ್ಷೆ ನಿನ್ನೆ ಮುಗಿಯಿತೋ, ಮೇಷ್ಟ್ರು ನಿನ್ನೆ ಹೇಳಿದರೋ? ಬಾಯಿಮಾತಿನಲ್ಲಿ ದನಿಯ ಏರಿಳಿತದಿಂದ ಇದು ಬಗೆಹರಿಯುತ್ತದೆ. ತಾಳೆಗರಿಯ ಬರಹದಲ್ಲಿ ಉದ್ಧರಣ ಚಿಹ್ನೆಗಳಿರಲಿಲ್ಲ. ಅವು ಅಚ್ಚಿನ ಮೊಳೆಯೊಡನೆ ನಮ್ಮಲ್ಲಿ ಬಳಕೆಗೆ ಬಂದವು. ವಿದ್ಯಾರ್ಥಿಗಳು ಆ ಚಿಹ್ನೆಗಳನ್ನು ಅಲಂಕಾರವೆಂದು ತಿಳಿದು ಒತ್ತಿ ಹೇಳಬೇಕಾದ ಪದಗಳಿಗೆಲ್ಲ ತೊಡಿಸುತ್ತಾರೆ. ಅದು ಒಬ್ಬರ ಸೊತ್ತಿಗೆ ಹಾಕಿದ ಬೇಲಿಯೆಂದು ಕಲಿಸಬೇಕು.

ಉದ್ಧರಣೆಯ ಈ ಬಾಗಿಲುಗಳನ್ನು ಬಹು ಎಚ್ಚರದಿಂದ ಕಟ್ಟಿದ ಕನ್ನಡ ಗ್ರಂಥವೆಂದರೆ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣ್ಣೊಡೆಯ ಈ ನಾಲ್ವರು ಒಬ್ಬರಾದ ಮೇಲೊಬ್ಬರು ಇದನ್ನು ಸಂಕಲಿಸಿದರು. ಗೂಳೂರರ ಪಾಠವನ್ನು ಫ. ಗು. ಹಳಕಟ್ಟಿಯವರು 1930ರಲ್ಲಿ ಅಚ್ಚಿಗೆ ತಂದರು. ಕರ್ನಾಟಕ ವಿಶ್ವವಿದ್ಯಾಲಯವು 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಅದರ ಇಂಗ್ಲಿಷ್ ಭಾಷಾಂತರವನ್ನು ಹೊರತಂದು ಅನ್ಯಭಾಷಿಕರಿಗೂ ಮುಟ್ಟಿಸಿತು. ಹನ್ನೆರಡನೆಯ ಶತಮಾನದ ಶರಣರು ಬಿಡಿಬಿಡಿಯಾಗಿ ನುಡಿದ ವಚನಗಳನ್ನು ಹದಿನೈದು, ಹದಿನಾರನೆಯ ಶತಮಾನಗಳ ಸಂಕಲನಕಾರರು ಸಂವಾದವಾಗಿ ಜೋಡಿಸಿದ ಕೃತಿಯಿದು. ಒಂದು ವಚನ ಮುಗಿದ ಮೇಲೆ ಸಂಕಲನಕಾರರ ಗದ್ಯ ಒಂದೆರಡು ಪಂಕ್ತಿ ಬರುತ್ತದೆ. ಹಿಂದಿನವರು ಆಡಿದ್ದರ ತಿರುಳನ್ನು ಎತ್ತಿಕೊಂಡು, ಅದಕ್ಕೆ ಇಂಥವರು ಕೊಟ್ಟ ಪ್ರತ್ಯುತ್ತರವೆಂದು ಹೇಳಿ, ಮುಂದಿನ ವಚನಕ್ಕೆ ದಾರಿ ಬಿಡುತ್ತದೆ. ಇದೇ ಅನುಭಾಷಣ. ಪ್ರಭುದೇವರೊಡನೆ ಮುಕ್ತಾಯಕ್ಕ ಮಾತಾಡುವ ಭಾಗವನ್ನು ನೋಡಬಹುದು. ಅಣ್ಣನಾದ ಅಜಗಣ್ಣನ ಅಗಲಿಕೆಯಲ್ಲಿ ಬೆಂದ ಆಕೆ ಪ್ರಭುವಿನ ಮಾತನ್ನು ಸುಲಭವಾಗಿ ಒಪ್ಪುವವಳಲ್ಲ. ಅವರು ಎತ್ತಿದ ಮಾತನ್ನೇ ಹಿಡಿದು, ಅದರಲ್ಲಿ ತನಗೆ ಒಪ್ಪಿಗೆಯಿಲ್ಲದ ಎಡೆಯನ್ನು ತೋರಿಸಿ, ಬಳಿಕ ತನ್ನ ನಿಲವನ್ನು ಹೇಳುತ್ತಾಳೆ. ಪ್ರಭುವೂ ಹಾಗೆಯೇ. ಇಬ್ಬರೂ ಪರಸ್ಪರರ ಮಾತನ್ನು ಕೇಳಿಸಿಕೊಂಡಿದ್ದಾರೆಂಬುದು ಓದುಗನಿಗೆ ಹೆಜ್ಜೆಹೆಜ್ಜೆಗೂ ಅರಿವಾಗುತ್ತದೆ.

ನುಲಿಯ ಚಂದಯ್ಯನ ಪ್ರಸಂಗ ಈ ಸೀಮೆಯವರಿಗೆ ಇನ್ನೂ ಹತ್ತಿರದ್ದು. ಸ್ಥಳೀಯ ಐತಿಹ್ಯವು ಚಂದಯ್ಯನ ನೆನಪನ್ನು ಹೊಳಲ್ಕೆರೆ ತಾಲ್ಲೂಕಿನ ನುಲೇನೂರಿನೊಡನೆ ಬೆಸೆದಿದೆ. ಹುಲ್ಲು ಕೊಯ್ಯುವಾಗ ಕಳಚಿ ಬಿದ್ದ ಲಿಂಗವನ್ನು ಎತ್ತಿಕೊಳ್ಳದೆ ತನ್ನ ಕಾಯಕದಲ್ಲಿ ತೊಡಗಿದ ಈ ಹಗ್ಗ ಹೊಸೆಯುವ ಶರಣನ ಕಥೆ, ಮಡಿವಾಳ ಮಾಚಯ್ಯನ ಮಧ್ಯಸ್ಥಿಕೆ, ಪ್ರಭುದೇವರೊಡನೆ ನಡೆಯುವ ಕಾಯಕದ ಚರ್ಚೆ ಇವು ಶೂನ್ಯಸಂಪಾದನೆಯ ಜೀವಂತ ಭಾಗಗಳಲ್ಲಿ ಸೇರುತ್ತವೆ. ಗುರುವಿಗೂ ಲಿಂಗಕ್ಕೂ ಜಂಗಮಕ್ಕೂ ಕಾಯಕ ತಪ್ಪದೆಂಬ ಚಂದಯ್ಯನ ದಿಟ್ಟ ನಿಲವನ್ನು ಜನ ಬಿಡಿಯಾಗಿ ಉದ್ಧರಿಸುವುದುಂಟು. ಯಾವ ಮಾತಿಗೆ ಉತ್ತರವಾಗಿ ಅದು ಅಲ್ಲಿ ನಿಂತಿದೆಯೆಂಬುದನ್ನು ಕೂಡಿಸಿ ಓದಿದಾಗ ಅದು ಲಿಂಗದ ಅನಾದರವಲ್ಲವೆಂಬುದು ಸ್ಪಷ್ಟವಾಗುತ್ತದೆ. ಪ್ರಶ್ನೆಯನ್ನು ಕಿತ್ತು ಉತ್ತರವನ್ನು ಮಾತ್ರ ಸಾರಿದರೆ ಚಂದಯ್ಯ ಉದ್ಧಟನಾಗಿ ಕಾಣುತ್ತಾನೆ.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ನಾಲ್ಕು ಶೂನ್ಯಸಂಪಾದನೆಗಳಲ್ಲಿ ವಚನಗಳ ಸಂಖ್ಯೆಯೂ ಜೋಡಣೆಯ ಕ್ರಮವೂ ಒಂದೇ ಆಗಿಲ್ಲ. ಜೋಡಣೆ ಬದಲಾದೊಡನೆ ಅದೇ ವಚನ ಬೇರೊಂದು ಪ್ರಶ್ನೆಗೆ ಉತ್ತರವಾಗುತ್ತದೆ. ಆದ್ದರಿಂದ ಅಲ್ಲಿಯ ಸಂವಾದವನ್ನು ಅನುಭವಮಂಟಪದಲ್ಲಿ ಕುಳಿತು ಬರೆದುಕೊಂಡ ವರದಿಯೆಂದು ಪಾಠ ಹೇಳುವುದು ಸರಿಯಲ್ಲ. ವಚನ ಶರಣರದು, ಸಂದರ್ಭ ಸಂಕಲನಕಾರರದು. ಈ ಭೇದವನ್ನು ಮರೆಯದಂತೆ ನಮ್ಮನ್ನು ಕಾಯುವುದು ಅಂಕಿತ. ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ, ಕಪಿಲಸಿದ್ಧಮಲ್ಲಿಕಾರ್ಜುನ, ಚಂದೇಶ್ವರಲಿಂಗ ಎಂಬ ಒಂದೊಂದು ಅಂಕಿತವೂ ಮಾತಿನ ಒಡೆಯನನ್ನು ತೋರಿಸುವ ಮುದ್ರೆ. ವಚನ ಎಷ್ಟು ಕೈ ದಾಟಿದರೂ, ಯಾರ ಸಂವಾದದೊಳಗೆ ಸೇರಿದರೂ, ಅಂಕಿತ ಇರುವವರೆಗೆ ಅದು ಅವರದೇ. ಬಸವಣ್ಣನವರ ವಚನಗಳಲ್ಲಿ ಕೂಡಲಸಂಗಮದೇವ ಎಂಬುದರ ಬದಲು ಲಿಂಗದೇವ ಎಂದು ಅಚ್ಚು ಮಾಡಿದ ‘ಬಸವ ವಚನ ದೀಪ್ತಿ’ಯನ್ನು ರಾಜ್ಯ ಸರ್ಕಾರ 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ನಡೆದು 2017ರಲ್ಲಿ ಆ ಕ್ರಮ ಸ್ಥಿರಗೊಂಡಿತು. ಅಂಕಿತದ ಅರ್ಥವೇನೆಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿರಬಹುದು. ಅಂಥ ಅಭಿಪ್ರಾಯಕ್ಕೆ ಪೀಠಿಕೆಯಲ್ಲಿ, ಟಿಪ್ಪಣಿಯಲ್ಲಿ ಧಾರಾಳವಾಗಿ ಸ್ಥಳವಿದೆ; ಮತ್ತೊಬ್ಬರ ವಚನದೊಳಗೆ ಇಲ್ಲ. ಶುಭಾಶಯಪತ್ರಗಳಲ್ಲಿ, ಗೋಡೆಬರಹಗಳಲ್ಲಿ, ಮೊಬೈಲಿನ ಸಂದೇಶಗಳಲ್ಲಿ ಅಂಕಿತವನ್ನೇ ಕತ್ತರಿಸಿದ ವಚನಗಳು ಓಡಾಡುತ್ತಿರುವುದು ಇದಕ್ಕಿಂತ ಕಡಿಮೆ ಅಪರಾಧವೇನೂ ಅಲ್ಲ. ಅದರ ಮೇಲೆ ಮಾತ್ರ ಯಾರೂ ವ್ಯಾಜ್ಯ ಹೂಡುವುದಿಲ್ಲ.

ಹೆಸರಿಲ್ಲದ ಉದ್ಧರಣೆಯಿಂದ ಕನ್ನಡ ಸಾಹಿತ್ಯ ಅನುಭವಿಸಿದ ನಷ್ಟ ಅಷ್ಟಿಷ್ಟಲ್ಲ. ಹದಿಮೂರನೆಯ ಶತಮಾನದ ಮಲ್ಲಿಕಾರ್ಜುನನ ಸೂಕ್ತಿಸುಧಾರ್ಣವ, ಅವನ ಮಗ ಕೇಶಿರಾಜನ ಶಬ್ದಮಣಿದರ್ಪಣ ಇವುಗಳಲ್ಲಿ ಪೂರ್ವಕವಿಗಳ ಪದ್ಯಗಳು ಹೇರಳವಾಗಿ ಬಂದಿವೆ; ಯಾವುದು ಯಾರದೆಂಬುದನ್ನು ಬಹುಮಟ್ಟಿಗೆ ಹೇಳಿಲ್ಲ. ಒಂದನೆಯ ಗುಣವರ್ಮನ ಶೂದ್ರಕ ಇಡಿಯಾಗಿ ನಮಗೆ ದೊರೆತಿಲ್ಲ, ಇಂತಹ ಉದ್ಧರಣೆಗಳಿಂದಲೇ ಅದರ ರುಚಿ ತಿಳಿಯಬೇಕಾಗಿದೆ. ಕವಿಯ ಹೆಸರೊಂದನ್ನು ಪಕ್ಕದಲ್ಲಿ ಬರೆದಿದ್ದರೆ ವಿದ್ವಾಂಸರ ಎಷ್ಟೋ ವರ್ಷಗಳ ಶ್ರಮ ಉಳಿಯುತ್ತಿತ್ತು. ಆದರೂ ಉದ್ಧರಿಸಿದ ಉಪಕಾರವನ್ನು ಮರೆಯುವಂತಿಲ್ಲ. ಚಾರ್ವಾಕರ ಮತ ನಮಗೆ ಗೊತ್ತಿರುವುದು ಹೆಚ್ಚಾಗಿ ಅವರನ್ನು ಖಂಡಿಸಿದವರ ಪೂರ್ವಪಕ್ಷಗಳಿಂದ. ಹದಿನಾಲ್ಕನೆಯ ಶತಮಾನದ ಸರ್ವದರ್ಶನಸಂಗ್ರಹವು ಚಾರ್ವಾಕ ದರ್ಶನದಿಂದಲೇ ಆರಂಭವಾಗುತ್ತದೆ. ಎದುರಾಳಿಗೆ ಮೊದಲ ಆಸನವನ್ನಿತ್ತು ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಹೇಳಿ, ಆ ಮೇಲೆ ಸಿದ್ಧಾಂತಕ್ಕೆ ಬರುವುದು ಹಿಂದಿನವರ ಕ್ರಮ. ದುರ್ಬಲವಾದ ಪೂರ್ವಪಕ್ಷವನ್ನು ಗೆದ್ದು ಯಾವ ಪಂಡಿತನೂ ಕೀರ್ತಿ ಗಳಿಸಲಿಲ್ಲ.

ಮಾತನ್ನು ಎತ್ತಿಕೊಂಡೂ ಅನ್ಯಾಯ ಮಾಡಬಹುದು. ಅದಕ್ಕೆ ಶಾಸ್ತ್ರದಲ್ಲಿ ‘ಛಲ’ವೆಂದು ಹೆಸರು. ಕನ್ನಡದಲ್ಲಿ ಛಲವು ಬಿಡದ ಹಟ. ಅದರಲ್ಲೊಂದು ಶ್ಲಾಘನೆಯೂ ಸೇರಿದೆ. ನೈಯಾಯಿಕರ ಛಲವಾದರೋ ಶುದ್ಧ ವಂಚನೆ. ‘ನವಕಂಬಲ’ ಉಳ್ಳವನೆಂದು ಒಬ್ಬ ಹೇಳಿದ್ದು ಹೊಸ ಕಂಬಳಿಯನ್ನು ಮನಸ್ಸಿನಲ್ಲಿಟ್ಟು. ಇವನಿಗೆ ಒಂಬತ್ತು ಕಂಬಳಿಗಳೆಲ್ಲಿ ಎಂದು ಕೇಳಿ ಗೆದ್ದೆನೆನ್ನುವುದು ವಾಕ್ಛಲ. ಹೊಲದ ಮಂಚಿಕೆಗಳು ಕೂಗುತ್ತಿವೆ ಎಂದರೆ ಮಂಚಿಕೆಯ ಮೇಲೆ ಕಾವಲಿರುವವರು ಕೂಗುತ್ತಿದ್ದಾರೆಂದು ಎಲ್ಲರಿಗೂ ತಿಳಿದಿದೆ. ಮರದ ಮಂಚಿಕೆಗೆ ಬಾಯಿಯೆಲ್ಲಿ ಎನ್ನುವುದು ಉಪಚಾರಛಲ. ಎರಡರಲ್ಲಿಯೂ ಪದಗಳನ್ನು ಚಾಚೂ ತಪ್ಪದೆ ಉದ್ಧರಿಸಲಾಗಿದೆಯೆಂಬುದನ್ನು ಗಮನಿಸಬೇಕು. ಪದವನ್ನು ಕಾಪಾಡಿ ಅರ್ಥವನ್ನು ಕೊಂದ ಉದ್ಧರಣೆಯು ಅನುಭಾಷಣವಲ್ಲ.

ಶಾಸ್ತ್ರದ ಈ ನಿಯಮಗಳು ಪಂಡಿತರ ಸಭೆಗೆ ಮಾತ್ರ ಮೀಸಲೆಂದು ಯಾರಾದರೂ ತಿಳಿದರೆ ಅವರು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಯಾವುದಾದರೊಂದು ಸಿವಿಲ್ ನ್ಯಾಯಾಲಯಕ್ಕೆ ಹೋಗಿ ನೋಡಬಹುದು. 1908ರ ಸಿವಿಲ್ ಪ್ರಕ್ರಿಯ ಸಂಹಿತೆಯ 8ನೆಯ ಆದೇಶದ ಪ್ರಕಾರ ಪ್ರತಿವಾದಿಯು ವಾದಪತ್ರವನ್ನು ಒಟ್ಟಾರೆ ಸುಳ್ಳೆಂದರೆ ಸಾಲದು. ತನಗೆ ಒಪ್ಪಿಗೆಯಿಲ್ಲದ ಒಂದೊಂದು ಸಂಗತಿಯನ್ನೂ ನಿರ್ದಿಷ್ಟವಾಗಿ ಎತ್ತಿಕೊಂಡು ಅಲ್ಲಗಳೆಯಬೇಕು. ಜಾರಿಕೊಳ್ಳುವ ಉತ್ತರ ನಡೆಯದು. ನಿರ್ದಿಷ್ಟವಾಗಿ ಅಲ್ಲಗಳೆಯದ ಸಂಗತಿಯನ್ನು ಸಾಮಾನ್ಯವಾಗಿ ಒಪ್ಪಿದಂತೆಯೇ ಎಣಿಸಲಾಗುತ್ತದೆ. ಆದಕಾರಣ ವಕೀಲರು ಇಂಥ ಪರಿಚ್ಛೇದದಲ್ಲಿ ಹೇಳಿರುವುದು ನಿಜ, ಇಂಥದರಲ್ಲಿ ಹೇಳಿರುವುದು ಸುಳ್ಳು ಎಂದು ವಾದಪತ್ರದ ಮಗ್ಗುಲಲ್ಲಿಯೇ ನಡೆಯುತ್ತ ಉತ್ತರ ಬರೆಯುತ್ತಾರೆ. ಅನನುಭಾಷಣಕ್ಕೆ ಸೋಲೆಂಬ ಗೌತಮರ ನಿಯಮಕ್ಕೂ ಇದಕ್ಕೂ ಎಷ್ಟು ದೂರ? ಸರ್ಕಾರಿ ಪತ್ರದಲ್ಲಿ ವಿಷಯದ ಕೆಳಗೆ ಬರುವ ‘ಉಲ್ಲೇಖ’, ಸರ್ಕಾರಿ ಆದೇಶದಲ್ಲಿ ಪ್ರಸ್ತಾವನೆಗೆ ಮುನ್ನ ಬರುವ ‘ಓದಲಾಗಿದೆ’ ಎಂಬ ಪಟ್ಟಿ, ಇವೂ ಪ್ರತೀಕಗಳೇ. ಕೆಲವು ಕಚೇರಿಗಳಿಂದ ಬರುವ ಪತ್ರಗಳಲ್ಲಿ ಉಲ್ಲೇಖ ಹನ್ನೆರಡು ಸಾಲು, ಉತ್ತರ ಒಂದೇ ಸಾಲು ಇರುವುದುಂಟು. ಅಲ್ಲಿ ಧರ್ಮಕೀರ್ತಿಯನ್ನು ನೆನೆಯಬೇಕಾಗುತ್ತದೆ.

ಶಾಲೆಯ ಮಾತಿಗೆ ಬರೋಣ. ಕನ್ನಡ ಪ್ರಶ್ನಪತ್ರಿಕೆಯಲ್ಲಿ ಒಂದು ವಾಕ್ಯವನ್ನು ಕೊಟ್ಟು ಸಂದರ್ಭದೊಡನೆ ಸ್ವಾರಸ್ಯವನ್ನು ವಿವರಿಸಲು ಕೇಳುವ ಪದ್ಧತಿ ಬಹು ಹಿಂದಿನದು. ಯಾವ ಪಾಠದಿಂದ ಆಯ್ದುದು, ಯಾರು ಯಾರಿಗೆ ಯಾವಾಗ ಹೇಳಿದರು, ಇವನ್ನು ಬರೆದ ಮೇಲೆ ಸ್ವಾರಸ್ಯಕ್ಕೆ ಬರಬೇಕು. ವಿದ್ಯಾರ್ಥಿಗಳು ಇದನ್ನು ಮೂರು ಅಂಕದ ಯಾಂತ್ರಿಕ ಪ್ರಶ್ನೆಯೆಂದು ಬಗೆದು, ಆಯ್ಕೆಯನ್ನೂ ಸಂದರ್ಭವನ್ನೂ ಮಾರ್ಗದರ್ಶಿಯಿಂದ ಕಂಠಪಾಠ ಮಾಡುತ್ತಾರೆ. ಉಪಾಧ್ಯಾಯರಲ್ಲಿಯೂ ಕೆಲವರು ಸ್ವಾರಸ್ಯಕ್ಕೆ ತೋರುವ ಆದರವನ್ನು ಸಂದರ್ಭಕ್ಕೆ ತೋರುವುದಿಲ್ಲ. ವಾಸ್ತವವಾಗಿ ಇಡೀ ಪ್ರಶ್ನಪತ್ರಿಕೆಯಲ್ಲಿ, ಮತ್ತೊಬ್ಬರ ಮಾತನ್ನು ಅದರ ಒಡೆಯನ ಹೆಸರಿನೊಡನೆ, ಅದು ಹುಟ್ಟಿದ ಗಳಿಗೆಯೊಡನೆ ಎತ್ತಿಕೊಳ್ಳುವುದನ್ನು ಕಲಿಸುವ ಪ್ರಶ್ನೆ ಇದೊಂದೇ. ಸಂದರ್ಭ ತಪ್ಪಾಗಿ ಸ್ವಾರಸ್ಯ ಸೊಗಸಾಗಿರುವ ಉತ್ತರಕ್ಕೆ ಉದಾರವಾಗಿ ಅಂಕ ಕೊಡುವುದು ದಯೆಯಲ್ಲ.

ಚರ್ಚಾಸ್ಪರ್ಧೆಗಳ ಸ್ಥಿತಿ ಇನ್ನೂ ಶೋಚನೀಯ. ಪರ ಮಾತಾಡುವವರೂ ವಿರೋಧ ಮಾತಾಡುವವರೂ ಮನೆಯಲ್ಲಿ ಬರೆಸಿಕೊಂಡು ಬಂದ ಭಾಷಣವನ್ನು ಒಪ್ಪಿಸಿ ಇಳಿಯುತ್ತಾರೆ. ಎರಡನೆಯವನು ಮೊದಲನೆಯವನ ಒಂದು ವಾಕ್ಯವನ್ನೂ ಮುಟ್ಟಿರುವುದಿಲ್ಲ. ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಪ್ರತಿಯೊಬ್ಬ ಸ್ಪರ್ಧಿಯೂ ಮೊದಲ ಒಂದು ನಿಮಿಷದಲ್ಲಿ ತನಗಿಂತ ಹಿಂದೆ ಮಾತಾಡಿದವನ ಮುಖ್ಯವಾದವನ್ನು ಹೇಳಬೇಕು. ಹೌದು, ತಾನು ಹೇಳಿದ್ದು ಇದೇ ಎಂದು ಆ ಹುಡುಗ ತಲೆಯಾಡಿಸಿದ ಬಳಿಕ ಇವನ ಉತ್ತರ ಆರಂಭವಾಗಬೇಕು. ತಲೆಯಾಡಿಸದಿದ್ದರೆ ಮತ್ತೊಂದು ಅವಕಾಶ. ತೀರ್ಪುಗಾರರು ಇದಕ್ಕೆಂದೇ ಅಂಕಗಳನ್ನು ಮೀಸಲಿಡಬೇಕು. ಹೀಗೆ ಮಾಡಿದಲ್ಲಿ ಬರೆಸಿಕೊಂಡು ಬಂದ ಭಾಷಣಗಳು ಮೊದಲ ವರ್ಷವೇ ಅರ್ಧಕ್ಕಿಳಿಯುತ್ತವೆ, ಮಕ್ಕಳು ಒಬ್ಬರು ಮಾತಾಡುವಾಗ ಮತ್ತೊಬ್ಬರು ಕಿವಿಗೊಡುವುದನ್ನು ಸಭಿಕರೂ ಕಾಣಬಹುದು.

ದಾನಿಗಳಿಗೆ ಸಂಬಂಧಿಸಿದ ಒಂದು ಮಾತು ಉಳಿದಿದೆ. ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಹನ್ನೊಂದನೆಯ ಸಂಪುಟದಲ್ಲಿ ತಾಲ್ಲೂಕುವಾರು ಅಂಕಿಗಳೊಡನೆ ಅಚ್ಚು ಮಾಡಲಾಗಿದೆ. ಇತಿಹಾಸಕಾರರು ಹಿರಿಯೂರು ಇಷ್ಟನೆಯದು, ಹೊಸದುರ್ಗ ಇಷ್ಟನೆಯದು ಎಂದು ಹೇಳಿದೊಡನೆ ಓದುಗನು ಮೂಲವನ್ನೇ ತೆರೆದು ನೋಡಬಹುದು. ಶಾಲೆಗಳಲ್ಲಿ ದತ್ತಿನಿಧಿಗಳ ಲೆಕ್ಕವನ್ನು ಇಡುವಾಗಲೂ ಈ ಕ್ರಮ ಬೇಕು. ದಾನಿಯ ಪತ್ರದಲ್ಲಿ ‘ಪ್ರತಿವರ್ಷ ಕನ್ನಡದಲ್ಲಿ ಹೆಚ್ಚು ಅಂಕ ಪಡೆದ ಬಡ ವಿದ್ಯಾರ್ಥಿನಿಗೆ’ ಎಂದಿದ್ದುದು ದಾಖಲೆ ಪುಸ್ತಕದಲ್ಲಿ ‘ಕನ್ನಡ ಬಹುಮಾನ’ ಎಂದು ಕಿರಿದಾಗಿ, ಮುಂದಿನ ತಲೆಮಾರಿನ ಗುಮಾಸ್ತರ ಕೈಯಲ್ಲಿ ‘ಬಹುಮಾನ ನಿಧಿ’ಯಾಗಲು ಹತ್ತು ವರ್ಷ ಸಾಕು. ಬಡ ವಿದ್ಯಾರ್ಥಿನಿ ಮಾಯವಾದಳೆಂದು ಯಾರಿಗೂ ಗೊತ್ತಾಗುವುದಿಲ್ಲ. ದಾನಿ ಆಗ ಬದುಕಿರುವುದೂ ಇಲ್ಲ. ದಾನಿಯ ವಾಕ್ಯವನ್ನು ಅವರ ಪದಗಳಲ್ಲಿಯೇ, ಪತ್ರದ ದಿನಾಂಕದೊಡನೆ, ಉದ್ಧರಣ ಚಿಹ್ನೆಗಳ ನಡುವೆ ದಾಖಲೆ ಪುಸ್ತಕದ ಮೊದಲ ಪುಟದಲ್ಲಿ ನಕಲು ಮಾಡಿಡಬೇಕು. ಆಡಳಿತ ಮಂಡಳಿಯ ನಿರ್ಣಯವನ್ನು ಅದರ ಕೆಳಗೆ ಬೇರೆಯಾಗಿ ಬರೆಯಬೇಕು.